ಹಳೆಯ ಮಿಲಿಟರಿ ಜೀಪಿಗೆ ಬಿಡಿಭಾಗ ಎಲ್ಲಿ?

ಪ್ರಶ್ನೆ (ಬೀದರ್): ಭಾಲ್ಕಿ ಕಡೆಯ ಹೊಲವೊಂದರಲ್ಲಿ ನಿಂತಿದ್ದ ಜೀಪು ಕೊಂಡಿದ್ದೇನೆ. 1943ರ ವಿಲ್ಲೀಸ್ ಎಂದು ಮಾರಿದವರ ಆಣೆ. ಗೇರ್‌ಬಾಕ್ಸ್ ಬಿಗಿದುಕೊಂಡಿದೆ, ಬ್ರೇಕ್ ಇಲ್ಲವೇ ಇಲ್ಲ. ಮಹೀಂದ್ರದ ಭಾಗಗಳು ಕೂರುತ್ತವೆಯೇ?

ಉತ್ತರ (ಹುಮನಾಬಾದ್, ಮೆಕ್ಯಾನಿಕ್): ಆಣೆ ಬಿಡಿ, ಜೀಪನ್ನೇ ಕೇಳಿ. ರೇಡಿಯೇಟರ್ ಕೆಳಗಿನ ಅಡ್ಡಪಟ್ಟಿಯ ಮಣ್ಣು ಕೆರೆಯಿರಿ. ದುಂಡು ಕೊಳವೆಯಾದರೆ ವಿಲ್ಲೀಸ್, ಬೋರಲು ದೋಣಿಯಂತಿದ್ದರೆ ಯುದ್ಧಕಾಲದಲ್ಲಿ ಅದೇ ಜೀಪು ಮಾಡಿದ ಫೋರ್ಡ್ ಕಂಪನಿಯದು. ಫೋರ್ಡ್ ಆದರೆ ಬೋಲ್ಟುಗಳ ತಲೆಯ ಮೇಲೂ ‘ಎಫ್’ ಕಾಣುತ್ತದೆ. ಯುದ್ಧಕಾಲದ ಗೇರ್‌ಬಾಕ್ಸ್ ಟಿ-84, ಮಹೀಂದ್ರ ತಯಾರಿಸಿದ ಸಿಜೆ-3ಬಿ ಜೀಪಿನದು ಟಿ-90. ಒಂದರ ಗೇರು ಇನ್ನೊಂದಕ್ಕೆ ತುರುಕಬೇಡಿ. ಬ್ರೇಕಿನ ಚಿಂತೆ ಬೇಡ, ಎರಡಕ್ಕೂ 9 ಇಂಚಿನ ಡ್ರಮ್ಮೇ. ಬ್ಯಾಟರಿ ಮಾತ್ರ 6 ವೋಲ್ಟ್. 12 ಹಾಕಿ ಬಲ್ಬು ಸುಡಬೇಡಿ.

ಉತ್ತರ (ಕಲಬುರಗಿ): ಖರ್ಚಿಗೆ ಇಳಿಯುವ ಮೊದಲು ಆರ್‌ಸಿಯಲ್ಲಿರುವ ಚಾಸಿಸ್ ಸಂಖ್ಯೆ ತಾಳೆ ನೋಡಿ. ತಾಳೆಯಾಗದಿದ್ದರೆ ಗೇರ್‌ಬಾಕ್ಸಿನ ಮಾತೇ ಬೇಡ.