ಆತ್ಮಹತ್ಯೆ ಸಂಶೋಧನೆಯ 'ರಿಸ್ಕ್ ಫ್ಯಾಕ್ಟರ್', 'ಪ್ರೊಟೆಕ್ಟಿವ್ ಫ್ಯಾಕ್ಟರ್': ಕನ್ನಡದಲ್ಲಿ ಏನೆನ್ನುವುದು?

ಪದಚರ್ಚೆಯ ಗೆಳೆಯರಿಗೆ ನಮಸ್ಕಾರ.

ಒಂದು ದೇಶದ ಜನರಲ್ಲಿ ಯಾರಿಗೆ ಆತ್ಮಹತ್ಯೆಯ ಅಪಾಯ ಹೆಚ್ಚು, ಅದನ್ನು ತಗ್ಗಿಸುವುದು ಯಾವುದು ಎಂಬ ಅಧ್ಯಯನಗಳ ಕನ್ನಡ ಸಾರಾಂಶವೊಂದು ಮಂಡ್ಯ ಜಿಲ್ಲೆಯ ಆಶಾ ಕಾರ್ಯಕರ್ತೆಯರ ತರಬೇತಿಗಾಗಿ ಸಿದ್ಧವಾಗುತ್ತಿದೆ. ಜೊತೆಗೆ ಮನೆಮನೆಗೆ ಒಯ್ಯುವ ಪ್ರಶ್ನಾವಳಿಯೂ ಇದೆ. ಕರಡಿನಲ್ಲಿ ರಿಸ್ಕ್ ಫ್ಯಾಕ್ಟರ್‌ಗೆ 'ಅಪಾಯಕಾರಿ ಅಂಶ', ಪ್ರೊಟೆಕ್ಟಿವ್ ಫ್ಯಾಕ್ಟರ್‌ಗೆ 'ರಕ್ಷಣಾತ್ಮಕ ಅಂಶ', ಪ್ರೆಸಿಪಿಟೇಟಿಂಗ್ ಫ್ಯಾಕ್ಟರ್‌ಗೆ 'ಪ್ರಚೋದಕ ಕಾರಣ', ಸೈಕಲಾಜಿಕಲ್ ಅಟಾಪ್ಸಿಗೆ (ಸತ್ತವರ ಮನಸ್ಥಿತಿ, ಬದುಕು ಹೇಗಿತ್ತೆಂದು ಬಂಧುಗಳನ್ನು ಕೇಳಿ ತಿಳಿಯುವುದು) 'ಮಾನಸಿಕ ಶವಪರೀಕ್ಷೆ' ಎಂದಿದೆ. ಮದ್ದೂರು, ಮಳವಳ್ಳಿ ಕಡೆ ಓದಿ ಹೇಳಿದರೆ ಅರ್ಥ ಆಗಬೇಕು, ತಪ್ಪರ್ಥ ಆಗಬಾರದು. ತಿಳಿದವರು ತಿದ್ದಿಕೊಡಿ.

— ಮಂಡ್ಯದಿಂದ

---

ಮೇಡಂ, ಮೊದಲು 'ಪ್ರಚೋದಕ' ತೆಗೆದುಬಿಡಿ. ಉಳಿದವುಗಳ ಬಗ್ಗೆ ಚರ್ಚೆಗೆ ಜಾಗ ಇದೆ, ಇದಕ್ಕಿಲ್ಲ. 'ಆತ್ಮಹತ್ಯೆಗೆ ಪ್ರಚೋದನೆ' ಎಂದರೆ ಠಾಣೆ, ಕೋರ್ಟು, ಪತ್ರಿಕೆ ಎಲ್ಲ ಕಡೆಯೂ ಅಪರಾಧದ ಹೆಸರು. ಹಿಂದೆ ಭಾರತೀಯ ದಂಡ ಸಂಹಿತೆಯ 306ನೇ ಕಲಂ, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 108. ಬೆಳೆ ಕೈಕೊಟ್ಟದ್ದು, ಫಲಿತಾಂಶ ಬಂದದ್ದು, ಮನೆಯಲ್ಲಿ ಜಗಳ ಆದದ್ದು ಇವನ್ನೆಲ್ಲ 'ಪ್ರಚೋದಕ' ಎಂದರೆ ಓದಿದವರು ಆ ಮನೆಯಲ್ಲೇ ಆರೋಪಿಯನ್ನು ಹುಡುಕುತ್ತಾರೆ. 'ತಕ್ಷಣದ ಸಂದರ್ಭ' ಸಾಕು, ಹೆಚ್ಚೆಂದರೆ 'ತಕ್ಷಣದ ಒತ್ತಡ'.

ಅದರ ಬಾಲಕ್ಕಿರುವ 'ಕಾರಣ' ಇನ್ನೂ ತೊಡಕಿನದು. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ವರ್ಷವರ್ಷ ಹೊರತರುವ ವರದಿಯಲ್ಲಿ ಕಾರಣವಾರು ಕೋಷ್ಟಕ ಇರುತ್ತದೆ. 2022ರಲ್ಲಿ ದಾಖಲಾದ ಆತ್ಮಹತ್ಯೆಗಳು 1,70,924. ಅವುಗಳಲ್ಲಿ ಕೌಟುಂಬಿಕ ಸಮಸ್ಯೆ ಶೇ. 31.7, ಕಾಯಿಲೆ ಶೇ. 18.4. ಇದು ಪೊಲೀಸರು ಅಸ್ವಾಭಾವಿಕ ಸಾವಿನ ತನಿಖೆ ಮುಗಿಸುವಾಗ ಬರೆದ ಕಾರಣಗಳ ಮೊತ್ತ. ಒಂದು ಸಾವು ಒಂದು ಕಾಲಮ್ಮಿಗೆ ಹೋಗುತ್ತದೆ. ಖಿನ್ನತೆ, ಕುಡಿತ, ಸಾಲ, ಜಗಳ ನಾಲ್ಕೂ ಇದ್ದ ಮನುಷ್ಯ ಕೋಷ್ಟಕದಲ್ಲಿ ಒಂದೇ ಕಡೆ ಕಾಣುತ್ತಾನೆ. ಅದೂ ಅಲ್ಲದೆ, ಕೌಟುಂಬಿಕ ಸಮಸ್ಯೆ ಇದ್ದೂ ಬದುಕಿರುವ ಕೋಟ್ಯಂತರ ಜನರ ಲೆಕ್ಕ ಅಲ್ಲಿ ಇಲ್ಲವೇ ಇಲ್ಲ. ಹಾಗಾಗಿ ಶೇ. 31.7 ಎಂಬುದು ಸತ್ತವರೊಳಗಿನ ಪಾಲು; ಕೌಟುಂಬಿಕ ಸಮಸ್ಯೆ ಇದ್ದವರಿಗೆ ಅಪಾಯ ಎಷ್ಟು ಎಂಬುದಕ್ಕೆ ಅದು ಉತ್ತರ ಅಲ್ಲ. ಪತ್ರಿಕೆಗಳಲ್ಲಿ ವರ್ಷಕ್ಕೊಮ್ಮೆ ಈ ಎರಡನ್ನೂ ಕಲಸಿಬಿಡುತ್ತಾರೆ.

ಮಂಡ್ಯದಲ್ಲಿ 'ಕಾರಣ'ಕ್ಕೆ ಇನ್ನೊಂದು ಭಾರವೂ ಇದೆ. ರೈತ ಆತ್ಮಹತ್ಯೆಗೆ ಸರ್ಕಾರ ಕೊಡುವ ಪರಿಹಾರ 2015ರಲ್ಲಿ 5 ಲಕ್ಷಕ್ಕೆ ಏರಿತು. ಉಪವಿಭಾಗಾಧಿಕಾರಿಗಳ ಸಮಿತಿ ಕಡತ ನೋಡಿ 'ಅರ್ಹ', 'ಅನರ್ಹ' ಎಂದು ಬರೆಯುತ್ತದೆ. ಸಾಲ ಕಾರಣವೋ ಅಲ್ಲವೋ ಎಂಬುದರ ಮೇಲೆ ಆ ಮನೆಗೆ ಹಣ ಬರುವುದು ನಿಂತಿದೆ. ಸಮೀಕ್ಷೆಯವರು ಅಂಥ ಮನೆಯಲ್ಲಿ 'ಏನು ಕಾರಣ?' ಎಂದು ಕೇಳಿದರೆ ಕಡತಕ್ಕೆ ಕೊಟ್ಟ ಉತ್ತರವೇ ಬರುತ್ತದೆ. ಅವರನ್ನು ತಪ್ಪೆನ್ನುವ ಹಾಗೂ ಇಲ್ಲ. 'ಹಿಂದಿನ ಒಂದು ವರ್ಷದಲ್ಲಿ ಏನೇನು ತೊಂದರೆ ಇತ್ತು?' ಎಂದು ಬಹುವಚನದಲ್ಲಿ ಕೇಳಿ, ಬಂದದ್ದನ್ನೆಲ್ಲ ಗುರುತು ಹಾಕಿಕೊಳ್ಳಬೇಕು.

ಈಗ ರಿಸ್ಕ್ ಫ್ಯಾಕ್ಟರ್. 'ಅಪಾಯಕಾರಿ ಅಂಶ' ಎಂದರೆ ಆ ಅಂಶವೇ ಅಪಾಯ ಮಾಡುತ್ತದೆ ಎಂದಾಗುತ್ತದೆ. 'ವಿಧವೆಯಾಗಿರುವುದು ಅಪಾಯಕಾರಿ ಅಂಶ' ಎಂಬ ವಾಕ್ಯ ತರಬೇತಿ ಕೈಪಿಡಿಯಲ್ಲಿ ಬಂದರೆ ಏನು ಗತಿ? 'ಅಪಾಯದ ಅಂಶ'ವೂ ಅಷ್ಟಕ್ಕಷ್ಟೆ. ನನ್ನ ಆಯ್ಕೆ 'ಅಪಾಯ ಹೆಚ್ಚಿಸುವ ಅಂಶ'. ಉದ್ದವಾಯಿತು, ನಿಜ, ಆದರೆ 'ಹೆಚ್ಚಿಸುವ' ಎಂದ ಕೂಡಲೇ 'ಯಾರಿಗಿಂತ?' ಎಂಬ ಪ್ರಶ್ನೆ ಏಳುತ್ತದೆ, ಏಳಲೇಬೇಕು. ಈ ಸಂಶೋಧನೆ ನಿಂತಿರುವುದೇ ಹೋಲಿಕೆಯ ಮೇಲೆ. ಬೆಂಗಳೂರಿನಲ್ಲಿ ನಿಮ್ಹಾನ್ಸ್‌ನವರು ಮಾಡಿ 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಆತ್ಮಹತ್ಯೆಯಿಂದ ಸತ್ತ 269 ಜನರ ಎದುರಿಗೆ ಬದುಕಿರುವ 269 ಜನರನ್ನು ಇಟ್ಟು ನೋಡಿದ್ದರು. ಡೆನ್ಮಾರ್ಕಿನಂಥ ದೇಶದಲ್ಲಿ 1968ರಿಂದ ಪ್ರತಿಯೊಬ್ಬರಿಗೂ ಒಂದು ನಾಗರಿಕ ಸಂಖ್ಯೆ ಇದೆ. ಆಸ್ಪತ್ರೆ, ಆದಾಯ, ಮದುವೆ, ಮರಣದ ದಾಖಲೆಗಳನ್ನು ಅದರಿಂದಲೇ ಜೋಡಿಸಿ ಇಡೀ ದೇಶವನ್ನೇ ಹೋಲಿಸಬಹುದು. ನಮ್ಮಲ್ಲಿ ಹಾಗೆ ಜೋಡಿಸಿದ ದಾಖಲೆ ಇಲ್ಲದ್ದರಿಂದ ಸಮೀಕ್ಷೆ, ಪೊಲೀಸ್ ಅಂಕಿ, ಬಂಧುಗಳ ಹೇಳಿಕೆ ಇವನ್ನೇ ನೆಚ್ಚಬೇಕು. ಎಣಿಕೆಯಲ್ಲೇ ಎಷ್ಟು ಅಂತರ ನೋಡಿ: 2010ಕ್ಕೆ ಪೊಲೀಸ್ ದಾಖಲೆಯ ಸಂಖ್ಯೆ ಸುಮಾರು 1.35 ಲಕ್ಷ, ಮನೆಮನೆಗೆ ಹೋಗಿ ಸಾವಿನ ವಿವರ ಕೇಳಿ ಮಾಡಿದ ಅಂದಾಜು 1.87 ಲಕ್ಷ, ಅದೂ 15 ವರ್ಷ ಮೇಲ್ಪಟ್ಟವರದು ಮಾತ್ರ.

ಆಶಾ ಕಾರ್ಯಕರ್ತೆಯರಿಗೆ ಇಲಾಖೆಯ 'ಗಂಡಾಂತರ ಗರ್ಭಿಣಿ' ಚೆನ್ನಾಗಿ ಗೊತ್ತು, ಅದೇ ಜಾಡಿನಲ್ಲಿ 'ಗಂಡಾಂತರ ಅಂಶ' ಎನ್ನೋಣ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಬೇಡ. ಹೆರಿಗೆಗೆ ಒಪ್ಪಿದ್ದು ಇಲ್ಲಿ ಒಪ್ಪುವುದಿಲ್ಲ. ನಮ್ಮ ಕಡೆ 'ಗಂಡಾಂತರ' ಜಾತಕದಲ್ಲೂ ಇರುವ ಮಾತು. ಇಷ್ಟನೇ ವಯಸ್ಸಿಗೆ ಗಂಡಾಂತರ ಎಂದರೆ ಹಣೆಬರಹ ಎಂದೇ ಕೇಳಿಸುತ್ತದೆ.

'ರಕ್ಷಣಾತ್ಮಕ' ಎಂದರೆ ಕ್ರಿಕೆಟ್ಟಿನ ರಕ್ಷಣಾತ್ಮಕ ಆಟ ನೆನಪಾಗುತ್ತದೆ. ವರದಿಗೆ 'ಅಪಾಯ ತಗ್ಗಿಸುವ ಅಂಶ' ಇಟ್ಟರೆ ಮೇಲಿನದಕ್ಕೆ ಸರಿಜೋಡಿ. 'ಆಸರೆ' ಎಂಬ ಸಲಹೆ ಬರಬಹುದು. ಒಳ್ಳೆಯ ಪದ, ಆದರೆ ಅರ್ಧ ಮಾತ್ರ ಹಿಡಿಯುತ್ತದೆ. ಮಾತಾಡಿಸುವ ನೆಂಟರು, ಮಕ್ಕಳ ಜವಾಬ್ದಾರಿ, ಸ್ತ್ರೀಶಕ್ತಿ ಸಂಘ ಇವೆಲ್ಲ ಆಸರೆಯೇ. ಶ್ರೀಲಂಕಾ ಅತಿ ವಿಷಕಾರಿ ಕೀಟನಾಶಕಗಳನ್ನು ಹಂತಹಂತವಾಗಿ ನಿಷೇಧಿಸಿತು. 1990ರ ದಶಕದ ನಡುವಿನ ತುತ್ತತುದಿಯಿಂದ ಅಲ್ಲಿನ ಆತ್ಮಹತ್ಯೆ ದರ ಎರಡು ದಶಕಗಳಲ್ಲಿ ಸುಮಾರು ಶೇ. 70 ಇಳಿಯಿತು. ಅದನ್ನು ಆಸರೆ ಎನ್ನಲಾಗುವುದಿಲ್ಲ, ಅಪಾಯ ತಗ್ಗಿಸಿದ್ದಂತೂ ಹೌದು. ಇನ್ನೊಂದು: ತಗ್ಗಿಸುವ ಅಂಶ ಎಲ್ಲರಿಗೂ ಒಂದೇ ಅಲ್ಲ. ಪಾಶ್ಚಾತ್ಯ ಅಧ್ಯಯನಗಳಲ್ಲಿ ಮದುವೆ ಈ ಪಟ್ಟಿಯಲ್ಲಿ ಬರುತ್ತದೆ. ಭಾರತದ ಹೆಂಗಸರ ವಿಷಯದಲ್ಲಿ ಅದನ್ನು ಕಣ್ಣುಮುಚ್ಚಿ ಅನುವಾದಿಸಬೇಡಿ. ಯಾವ ದೇಶ, ಯಾವ ವಯಸ್ಸು, ಗಂಡೋ ಹೆಣ್ಣೋ ಎಂಬುದು ಅದೇ ವಾಕ್ಯದಲ್ಲೇ ಬರಲಿ.

ಅಂಕಿಗಳ ಕನ್ನಡದಲ್ಲೂ ಎಚ್ಚರ. 'ಪ್ರಮಾಣ' ಎಂದರೆ ಪಾಲೂ ಆಗುತ್ತದೆ, ದರವೂ ಆಗುತ್ತದೆ. ಲಕ್ಷಕ್ಕೆ ಇಷ್ಟು ಎನ್ನುವಾಗ 'ದರ' ಎಂದೇ ಬರೆಯಿರಿ. ಭಾರತದ 2022ರ ದರ ಲಕ್ಷಕ್ಕೆ 12.4. ಸಾಪೇಕ್ಷ ಅಪಾಯ (ಒಂದು ಗುಂಪಿನ ಅಪಾಯ ಇನ್ನೊಂದರದಕ್ಕೆ ಎಷ್ಟು ಪಟ್ಟು ಎಂಬುದು) 0.6 ಎಂದಿದ್ದರೆ '0.6 ಪಟ್ಟು ಕಡಿಮೆ' ಅಲ್ಲ, 'ಶೇ. 40 ಕಡಿಮೆ'. 2 ಎಂದಿದ್ದರೆ 'ಎರಡು ಪಟ್ಟು'. 'ಎರಡು ಪಟ್ಟು ಹೆಚ್ಚು' ಎಂದರೆ ಕೆಲವರು ಮೂರು ಪಟ್ಟು ಎಂದುಕೊಳ್ಳುತ್ತಾರೆ. ಪಕ್ಕದಲ್ಲೇ ಮೂಲ ದರ ಕೊಡಿ: ಲಕ್ಷಕ್ಕೆ 12 ಇದ್ದದ್ದು 24 ಆಯಿತು ಎಂದರೆ ಉಳಿದ 99,976 ಜನಕ್ಕೆ ಏನೂ ಆಗಿಲ್ಲ ಎಂಬುದೂ ಕಾಣಬೇಕು. ಇಲ್ಲದಿದ್ದರೆ ಆ ಅಂಶ ಇರುವ ಪ್ರತಿಯೊಬ್ಬರನ್ನೂ ಊರಿನವರು ಅನುಮಾನದಿಂದ ನೋಡುತ್ತಾರೆ.

'ಮಾನಸಿಕ ಶವಪರೀಕ್ಷೆ' ಎಂದು ಬಾಗಿಲಲ್ಲಿ ಹೇಳಿದರೆ ಬಾಗಿಲು ಮುಚ್ಚುತ್ತಾರೆ. 'ವಿಚಾರಣೆ' ಕೂಡ ಪೊಲೀಸರ ಮಾತು. 'ಬಂಧುಗಳಿಂದ ಪಡೆದ ಜೀವನ ವಿವರ' ಎನ್ನಿ. 'ಆತ್ಮಹತ್ಯೆಗೆ ಶರಣು', 'ಯಶಸ್ವಿ', 'ವಿಫಲ ಯತ್ನ' ಇವಂತೂ ಬೇಡವೇ ಬೇಡ.

— ಮೈಸೂರಿನಿಂದ

---

ಸರ್, 'ಹೆಚ್ಚಿಸುವ', 'ತಗ್ಗಿಸುವ' ಜೋಡಿ ಒಪ್ಪಿತು. ಪ್ರಶ್ನಾವಳಿಯದೊಂದು ಉಳಿದಿದೆ. 'ಸಾಯಬೇಕು ಅನ್ನಿಸಿತ್ತಾ?' ಎಂದರೆ ಇಲ್ಲಿ ಕಬ್ಬು ಕಡಿದು ಬಂದವರೂ 'ಸಾಕಾಗೋಗದೆ, ಸತ್ತೋದ್ರೆ ಸಾಕು' ಅಂತಾರೆ. ಎಲ್ಲರೂ 'ಹೌದು'.

— ಮಂಡ್ಯದಿಂದ

---

ಅದನ್ನು ಮೂರಾಗಿ ಒಡೆಯಿರಿ, ಪ್ರತಿಯೊಂದಕ್ಕೂ ಅವಧಿ ಹೇಳಿ. 'ಕಳೆದ ಒಂದು ತಿಂಗಳಲ್ಲಿ, ಬದುಕಿರೋದೇ ಬೇಡ ಅಂತ ನಿಜವಾಗ್ಲೂ ಅನ್ನಿಸಿತ್ತಾ?' ಹೌದು ಅಂದರೆ, 'ಜೀವ ಕಳ್ಕೊಳೋ ಯೋಚನೆ ಬಂದಿತ್ತಾ?' ಆಮೇಲೆ, 'ಹೇಗೆ, ಯಾವಾಗ ಅಂತ ಮನಸ್ಸಲ್ಲಿ ಗೊತ್ತು ಮಾಡ್ಕೊಂಡಿದ್ರಾ?' ಮೊದಲನೆಯದಕ್ಕೆ ಮಾತ್ರ ಹೌದು ಅಂದವರನ್ನು ಮೂರನೆಯದಕ್ಕೆ ಹೌದು ಅಂದವರ ಜೊತೆ ಕೂಡಿಸಬಾರದು. 'ಯತ್ನ' ಎಂಬ ಪದ ಬಾಯಲ್ಲಿ ಬೇಡ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಕಲಂ ಬಂದು, ಆತ್ಮಹತ್ಯೆ ಯತ್ನವನ್ನು ಅಪರಾಧ ಎನ್ನುತ್ತಿದ್ದ ಹಳೆಯ 309ನೇ ಕಲಂ ಹೊಸ ಸಂಹಿತೆಯಲ್ಲಿ ಬಿಟ್ಟುಹೋದರೂ 'ಕೇಸಾಗುತ್ತೆ' ಎಂಬ ಅಂಜಿಕೆ ಜನರಲ್ಲಿ ಇದ್ದೇ ಇದೆ. 'ಹಿಂದೆ ಯಾವಾಗಾದ್ರೂ ಜೀವಕ್ಕೆ ಏನಾದ್ರೂ ಮಾಡ್ಕೊಂಡಿದ್ರಾ?' ಸಾಕು.

ಅನುವಾದ ಇಬ್ಬರು ಬೇರೆಬೇರೆ ಮಾಡಲಿ, ಕೂತು ಒಂದು ಮಾಡಲಿ. ಮೂಲ ನೋಡದ ಮೂರನೆಯವರು ತಿರುಗಿ ಇಂಗ್ಲಿಷಿಗೆ ತರಲಿ. ತಿರುಗಿ ಬಂದದ್ದು ಮೂಲಕ್ಕೆ ಹೊಂದಿದರೂ ಅಲ್ಲಿಗೆ ಬಿಡಬೇಡಿ. ಎಂಟು ಹತ್ತು ಜನರಿಗೆ ಓದಿ, 'ಈ ಪ್ರಶ್ನೆ ಏನು ಕೇಳ್ತಿದೆ, ನಿಮ್ಮ ಮಾತಲ್ಲಿ ಹೇಳಿ' ಎನ್ನಿ. ಕಬ್ಬು ಕಡಿದು ಬಂದವರ ಉತ್ತರ ಅಲ್ಲೇ ಸಿಕ್ಕಿಬೀಳುತ್ತದೆ. ಇಂಥದ್ದನ್ನು ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಎಂಬ ಭಯ ತರಬೇತಿಯಲ್ಲಿ ಬಂದೇ ಬರುತ್ತದೆ. ಅಧ್ಯಯನಗಳಲ್ಲಿ ಅದಕ್ಕೆ ಆಧಾರ ಕಂಡಿಲ್ಲ ಎಂದು ಹೇಳಿಕೊಡಿ. ಪ್ರಶ್ನೆಗಳನ್ನು ಮನೆಯವರ ಎದುರಿಗೆ ಕೇಳುವಂತಿಲ್ಲ. ಮೂರನೆಯದಕ್ಕೆ 'ಹೌದು' ಬಂದರೆ ಫಾರಂ ಅಲ್ಲಿಗೇ ನಿಲ್ಲಿಸಿ, ಅವರನ್ನು ಒಂಟಿಯಾಗಿ ಬಿಡದೆ, ಅವರ ಎದುರಿಗೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಹಚ್ಚಿ, ಅದೇ ದಿನ ವೈದ್ಯಾಧಿಕಾರಿಗೆ ತಿಳಿಸಬೇಕು. ಈ ಸೂಚನೆ ಕೊನೇ ಪುಟದಲ್ಲಿ ಅಲ್ಲ, ಆ ಪ್ರಶ್ನೆಯ ಕೆಳಗೇ ದಪ್ಪಕ್ಷರದಲ್ಲಿ ಅಚ್ಚಾಗಲಿ.

— ಮೈಸೂರಿನಿಂದ