ಪೆಂಟಟಾನಿಕ್ ಬಾಯಿಪಾಠ ಆಗಿದೆ, ಆದರೂ ನನ್ನ ಬ್ಲೂಸ್ ಸೋಲೊ ಮಗ್ಗಿ ಒಪ್ಪಿಸಿದ ಹಾಗಿದೆ

ಒಂಬತ್ತನೇ ಫ್ರೆಟ್:

ಎಲ್ಲರಿಗೂ ನಮಸ್ಕಾರ. ಎರಡೂವರೆ ವರ್ಷದಿಂದ ಗಿಟಾರ್ ನುಡಿಸುತ್ತಿದ್ದೇನೆ. ಗುರು ಅಂತ ಯಾರೂ ಇಲ್ಲ. ದಾವಣಗೆರೆಯಲ್ಲಿ ಕೀಬೋರ್ಡ್ ಹೇಳಿಕೊಡುವವರು ಸಿಗುತ್ತಾರೆ, ಬ್ಲೂಸ್ (ಅಮೆರಿಕದ ಕಪ್ಪು ಜನರಿಂದ ಬಂದ ಸಂಗೀತ) ಗಿಟಾರ್ ಹೇಳಿಕೊಡುವವರು ನನ್ನ ಕಣ್ಣಿಗಂತೂ ಬಿದ್ದಿಲ್ಲ. ವಿಡಿಯೊ, ಟ್ಯಾಬ್ (ಯಾವ ತಂತಿ, ಎಷ್ಟನೇ ಫ್ರೆಟ್ ಅಂದರೆ ಮನೆ, ಅಂತ ನಂಬರಿನಲ್ಲಿ ಬರೆದದ್ದು), ಅಲ್ಲಿ ಇಲ್ಲಿ ಓದಿದ್ದು, ಇಷ್ಟೇ ನನ್ನ ಬಂಡವಾಳ.

ಸಮಸ್ಯೆ ಇದು. ಎ ಮೈನರ್ ಪೆಂಟಟಾನಿಕ್ ಅನ್ನುವ ಐದು ಸ್ವರದ ಸ್ಕೇಲಿನ ಐದೂ ಬಾಕ್ಸ್ (ಗಿಟಾರಿನ ಕತ್ತಿನ ಮೇಲೆ ಅದನ್ನು ನುಡಿಸುವ ಜಾಗಗಳು) ನನಗೆ ಗೊತ್ತು, ನಿದ್ದೆಯಿಂದ ಎಬ್ಬಿಸಿ ಕೇಳಿದರೂ ನುಡಿಸುತ್ತೇನೆ. ಬ್ಲೂಸ್ ಸ್ಕೇಲಿನಲ್ಲಿ ಸೇರಿಸುವ ಆ ಇ ಫ್ಲಾಟ್ ಕೂಡ ಗೊತ್ತು. ಆದರೆ 12 ಬಾರ್ (ಬಾರ್ ಅಂದರೆ ನಾಲ್ಕು ಬೀಟಿನ ಆವರ್ತ) ಬ್ಯಾಕಿಂಗ್ ಟ್ರ್ಯಾಕ್, ಅಂದರೆ ಜೊತೆ ವಾದ್ಯಗಳ ರೆಕಾರ್ಡಿಂಗ್, ಹಾಕಿಕೊಂಡು ಕೂತರೆ ಮೇಲೆ ಹೋಗುತ್ತೇನೆ, ಕೆಳಗೆ ಬರುತ್ತೇನೆ, ಮತ್ತೆ ಮೇಲೆ ಹೋಗುತ್ತೇನೆ, ಅಷ್ಟೇ. ತಪ್ಪು ಸ್ವರ ಒಂದೂ ಇರುವುದಿಲ್ಲ, ಆದರೆ ಬ್ಲೂಸ್ ಅನ್ನಿಸುವುದೂ ಇಲ್ಲ. ಮೊನ್ನೆ ಫೋನಿನಲ್ಲಿ ರೆಕಾರ್ಡ್ ಮಾಡಿ ತಂಗಿಗೆ ಕೇಳಿಸಿದೆ. "ಏನಣ್ಣ, ಮಗ್ಗಿ ಒಪ್ಪಿಸ್ತಿದೀಯಾ?" ಅಂದಳು. ಬೇಜಾರಾಯ್ತು, ಆದರೆ ಅವಳು ಹೇಳಿದ್ದು ಸರಿಯಾಗಿಯೇ ಇದೆ.

ಈಗ ಏನು ಮಾಡಲಿ? ಇನ್ನಷ್ಟು ಸ್ಕೇಲ್ ಕಲಿಯಬೇಕಾ, ಮೋಡ್ ಅಂತೆಲ್ಲಾ ಹೇಳುತ್ತಾರಲ್ಲ ಅದಕ್ಕೆ ಕೈ ಹಾಕಬೇಕಾ, ಅಥವಾ ದೊಡ್ಡವರ ಸೋಲೊಗಳನ್ನು ಹಾಗೇ ಕಂಠಪಾಠ ಮಾಡಬೇಕಾ? ಹಾಗೆ ಮಾಡಿದರೆ ನಕಲು ಆಗಲ್ವಾ ಅನ್ನುವ ಅನುಮಾನವೂ ಇದೆ. ನನ್ನ ಹತ್ತಿರ ಇರುವುದು ಒಂದು ಸಾಧಾರಣ ಎಲೆಕ್ಟ್ರಿಕ್ ಗಿಟಾರ್, 9ರ ತಂತಿ (ತೆಳುವಾದದ್ದು, ನಂಬರ್ ಹೆಚ್ಚಿದಷ್ಟೂ ದಪ್ಪ), ಟಿಫನ್ ಬಾಕ್ಸ್ ಅಷ್ಟು ದೊಡ್ಡದೊಂದು ಆಂಪ್ಲಿಫೈಯರ್.

ತುಕ್ಕು ತಂತಿ:

ಮೊದಲು ಆ ಸ್ಕೇಲ್ ಪುಸ್ತಕ ಮುಚ್ಚಿಡಿ. ನಿಮಗೆ ಗೊತ್ತಿರುವ ಐದು ಬಾಕ್ಸಲ್ಲಿ ನಾಲ್ಕನ್ನು ಆರು ತಿಂಗಳು ಮರೆತರೂ ನಷ್ಟ ಇಲ್ಲ.

ನಾನೂ ಸ್ವಂತವಾಗಿ ಕಲಿತವನೇ, ನಿಮ್ಮ ಈ ಹಂತದಲ್ಲಿ ನಾಲ್ಕು ವರ್ಷ ಸಿಕ್ಕಿಕೊಂಡಿದ್ದೆ. ನನ್ನನ್ನು ಹೊರಗೆ ತಂದದ್ದು ಒಂದು ಸಣ್ಣ ವಿಷಯ. ಬ್ಲೂಸ್ ಹಾಡು ಸಾಮಾನ್ಯವಾಗಿ ಮೂರು ಸಾಲಿನದು. ಮೊದಲ ಸಾಲು ಹಾಡುತ್ತಾರೆ, ಅದನ್ನೇ ಇನ್ನೊಂದು ಸಲ ಹಾಡುತ್ತಾರೆ, ಮೂರನೆಯ ಸಾಲಿನಲ್ಲಿ ಅದಕ್ಕೊಂದು ಉತ್ತರ ಕೊಡುತ್ತಾರೆ. ಸಾಲಿಗೆ ನಾಲ್ಕು ಬಾರ್, ಒಟ್ಟು 12. ಆ ನಾಲ್ಕರಲ್ಲೂ ಗಂಟಲು ತೆಗೆದುಕೊಳ್ಳುವುದು ಸುಮಾರು ಎರಡು ಬಾರ್, ಉಳಿದ ಎರಡರಲ್ಲಿ ಗಿಟಾರ್ ಉತ್ತರ ಕೊಡುತ್ತದೆ. ಸೋಬಾನೆಯಲ್ಲಿ ಒಬ್ಬರು ಸಾಲು ಹೇಳಿದ ಮೇಲೆ ಉಳಿದವರು ಸೊಲ್ಲು ಹಿಡಿಯುತ್ತಾರಲ್ಲ, ಹಾಗೆ. ಬ್ಲೂಸ್ ದಿಗ್ಗಜ ಬಿ.ಬಿ. ಕಿಂಗ್ ಹಾಡುವಾಗ ಗಿಟಾರ್ ನುಡಿಸುತ್ತಿರಲಿಲ್ಲ, ನುಡಿಸುವಾಗ ಹಾಡುತ್ತಿರಲಿಲ್ಲ, ಗಮನಿಸಿ ನೋಡಿ. ನಿಮ್ಮ ಸೋಲೊದಲ್ಲಿ ಆ ಖಾಲಿ ಎರಡು ಬಾರ್ ಎಲ್ಲಿದೆ? ಇಲ್ಲ, ಅಲ್ವಾ? ಉಸಿರು ತೆಗೆದುಕೊಳ್ಳದೆ ಮಾತಾಡುವವರನ್ನು ಯಾರು ಕೇಳುತ್ತಾರೆ.

ಹಾಗಾಗಿ ಬಾಯಲ್ಲಿ ಒಂದು ಸಾಲು ಗುನುಗಿ. ಸ್ವರ ಚೆನ್ನಾಗಿಲ್ಲದಿದ್ದರೂ ಪರವಾಗಿಲ್ಲ, ಬಾಗಿಲು ಹಾಕಿಕೊಳ್ಳಿ. ಗುನುಗಿದ್ದನ್ನೇ ಗಿಟಾರಿನಲ್ಲಿ ಹುಡುಕಿ. ಅದನ್ನೇ ಎರಡನೇ ಸಲ ನುಡಿಸಿ. ಮೂರನೇ ಸಲ ಬೇರೆ ಏನಾದರೂ ಹೇಳಿ. ನಾಲ್ಕೇ ಸ್ವರ ಸಾಕು.

ಎರಡನೆಯದು ಬೆಂಡ್, ಅಂದರೆ ಒತ್ತಿದ ತಂತಿಯನ್ನು ಪಕ್ಕಕ್ಕೆ ಎಳೆದು ಸ್ವರ ಏರಿಸುವುದು. ನಿಮ್ಮ ರೆಕಾರ್ಡಿಂಗ್ ಕೇಳದೆಯೇ ಹೇಳುತ್ತೇನೆ, ನಿಮ್ಮ ಬೆಂಡ್ ಶ್ರುತಿ ಮುಟ್ಟುತ್ತಿಲ್ಲ. ಸ್ವಂತವಾಗಿ ಕಲಿತವರಲ್ಲಿ ಹೆಚ್ಚಿನವರದು ಇದೇ ಕಥೆ, ಪಕ್ಕದಲ್ಲಿ ಕೂತು "ಇನ್ನೂ ಸ್ವಲ್ಪ ಎಳಿ" ಅನ್ನುವವರು ಯಾರೂ ಇರುವುದಿಲ್ಲ. ಜಿ ತಂತಿಯ 7ನೇ ಫ್ರೆಟ್ ಅಂದರೆ ಡಿ. ಅದನ್ನು ಎಳೆದರೆ ಇ ಆಗಬೇಕು. ಆ ಇ ಪಕ್ಕದ ಬಿ ತಂತಿಯ 5ನೇ ಫ್ರೆಟ್‌ನಲ್ಲಿ ಕೂತಿದೆ. ಮೊದಲು ಅದನ್ನು ಮೀಟಿ ಕೇಳಿಸಿಕೊಳ್ಳಿ, ಆಮೇಲೆ ಜಿ ತಂತಿ ಎಳೆಯಿರಿ, ಎರಡನ್ನೂ ಒಟ್ಟಿಗೆ ಬಾರಿಸಿ. ಶ್ರುತಿ ಸೇರದಿದ್ದರೆ ಗುಂಯ್ ಗುಂಯ್ ಅಂತ ಅಲೆ ಏಳುತ್ತದೆ. ಸೇರಿದ ಕ್ಷಣ ಆ ಅಲೆ ನಿಲ್ಲುತ್ತದೆ. ಉಂಗುರದ ಬೆರಳು 7ರಲ್ಲಿ, ಹಿಂದೆ ಮಧ್ಯದ ಬೆರಳು, ತೋರುಬೆರಳು ಎರಡೂ ಅದೇ ತಂತಿಯ ಮೇಲೆ. ಮೂರೂ ಸೇರಿ ತಳ್ಳಬೇಕು. ಬಲ ಬರಬೇಕಾದ್ದು ಮಣಿಕಟ್ಟಿನಿಂದ, ಬಾಗಿಲ ಹಿಡಿ ತಿರುಗಿಸಿದ ಹಾಗೆ. ಬರೀ ಬೆರಳಲ್ಲಿ ಎಳೆದರೆ ಎರಡು ವಾರಕ್ಕೆ ಕೈ ನೋವು ಗ್ಯಾರಂಟಿ.

ಗುಂಡಿ ತಿರುಗಿಸು:

ಗುರೂ, ಟಿಫನ್ ಬಾಕ್ಸ್ ಆಂಪಲ್ಲಿ ಬ್ಲೂಸ್ ಎಲ್ಲಿ ಬರುತ್ತೆ? ಮೊದಲು ಒಂದು ಟ್ಯೂಬ್ ಆಂಪ್ ನೋಡು. ತಂತಿಯೂ ದಪ್ಪದ್ದು ಹಾಕು. ಬ್ಲೂಸ್ ಗಿಟಾರಿಸ್ಟ್ ಸ್ಟೀವಿ ರೇ ವಾನ್ 13ರ ತಂತಿ ಹಾಕುತ್ತಿದ್ದ, ಆ ಟೋನ್ ಸುಮ್ನೆ ಬಂತಾ?

ತುಕ್ಕು ತಂತಿ:

ಅವರು ಇಡೀ ಗಿಟಾರನ್ನು ಅರ್ಧ ಸ್ವರ ಇಳಿಸಿ ಶ್ರುತಿ ಮಾಡುತ್ತಿದ್ದರು, ಅದನ್ನೂ ಹೇಳಿಬಿಡಿ. ಮತ್ತೆ ಆ ಕೈಯೂ ಬೇಕು. ಹೊಸಬರಿಗೆ 13 ಹಾಕಿಸಿದರೆ ಬೆಂಡ್ ಕಲಿಯುವುದಿಲ್ಲ, ಗಿಟಾರ್ ಮಾರುತ್ತಾರೆ. 9 ಇರಲಿ, ಬೇಕಾದರೆ ಮುಂದಿನ ಸಲ 10 ಹಾಕಿ. ಆಂಪ್ ವಿಷಯ ಆಮೇಲೆ ನೋಡಿದರಾಯ್ತು.

ಮಂದ್ರ ಪಂಚಮ:

ನಾನು ಹನ್ನೊಂದು ವರ್ಷ ವೀಣೆ ಕಲಿತವಳು, ಗಿಟಾರಿಗೆ ಬಂದದ್ದು ತಡವಾಗಿ. ಆ ಕಡೆಯಿಂದ ಒಂದೆರಡು ಮಾತು.

ನೀವು ಮೈನರ್ ಪೆಂಟಟಾನಿಕ್ ಅನ್ನುವುದು ನಮ್ಮ ಶುದ್ಧ ಧನ್ಯಾಸಿಯ ಸ್ವರಗಳೇ. ಸ ಗ ಮ ಪ ನಿ. ಮೇಜರ್ ಪೆಂಟಟಾನಿಕ್ ಅಂದರೆ ಮೋಹನ. ಇದು ಗೊತ್ತಾದಾಗ ನನಗೆ ತುಂಬಾ ಖುಷಿಯಾಗಿತ್ತು, ಅರ್ಧ ಬ್ಲೂಸ್ ಬಂದೇಬಿಟ್ಟಿತು ಅಂದುಕೊಂಡೆ. ವೀಣೆಯಲ್ಲೂ ತಂತಿ ಎಳೆದೇ ಗಮಕ ತರುವುದು, ಹಾಗಾಗಿ ಬೆಂಡ್ ನನಗೆ ಕಷ್ಟವಾಗಲಿಲ್ಲ. ಆದರೆ ಆರು ತಿಂಗಳಾದ ಮೇಲೆ ಬ್ಯಾಂಡಿನ ಹುಡುಗರು ಮೆಲ್ಲಗೆ ಹೇಳಿದರು, "ಅಕ್ಕಾ, ಚೆನ್ನಾಗಿದೆ, ಆದ್ರೆ ಕಛೇರಿ ಥರ ಇದೆ."

ತಪ್ಪು ಎಲ್ಲಿತ್ತು ಅಂದರೆ ಗಾಂಧಾರದಲ್ಲಿ. ಶುದ್ಧ ಧನ್ಯಾಸಿಯಲ್ಲಿ ಗಾಂಧಾರವನ್ನು ಅಲುಗಿಸುತ್ತೇವೆ, ನನ್ನ ಕೈ ತಾನಾಗಿಯೇ ಅದನ್ನು ಮಾಡುತ್ತಿತ್ತು. ಬ್ಲೂಸಿನ ಗಾಂಧಾರ ಬೇರೆ. ಅದು ಸಾಧಾರಣ ಗಾಂಧಾರಕ್ಕೂ ಅಂತರ ಗಾಂಧಾರಕ್ಕೂ ನಡುವೆ ಎಲ್ಲೋ ಇದೆ, ಎ ಶ್ರುತಿಯಲ್ಲಿ ಹೇಳುವುದಾದರೆ ಸಿಗೂ ಸಿ ಶಾರ್ಪಿಗೂ ಮಧ್ಯೆ. ಸಿ ಹಿಡಿದು ಒಂದು ಚೂರು, ಕಾಲು ಸ್ವರದಷ್ಟು ಮೇಲೆ ಒತ್ತಿ ಬಿಡಬೇಕು. ಅಲುಗಿಸಬಾರದು. ಸಣ್ಣ ಇ ತಂತಿಯ 8ನೇ ಫ್ರೆಟ್‌ನಲ್ಲಿ ಮಾಡಿ ನೋಡಿ. ಯಾರೋ ಒಬ್ಬರು ಏನನ್ನೋ ಹೇಳಲು ಹೋಗಿ ಅರ್ಧಕ್ಕೆ ನುಂಗಿಕೊಂಡ ಹಾಗೆ ಕೇಳಿಸುತ್ತದೆ. ಒಂಬತ್ತನೇ ಫ್ರೆಟ್ ಅವರೇ, ನಿಮ್ಮ ಸೋಲೊ ಮಗ್ಗಿ ಹಾಗೆ ಕೇಳಿಸುವುದಕ್ಕೆ ಇದೂ ಒಂದು ಕಾರಣ ಇರಬಹುದು. ನೀವು ಎಲ್ಲ ಸ್ವರವನ್ನೂ ಫ್ರೆಟ್ ಕೊಟ್ಟ ಜಾಗದಲ್ಲೇ ನಿಲ್ಲಿಸುತ್ತಿದ್ದೀರಿ.

ಇನ್ನೊಂದು ವಿಷಯ, ವೈಬ್ರೇಟೊ, ಅಂದರೆ ಹಿಡಿದ ಸ್ವರವನ್ನು ನಡುಗಿಸುವುದು. ಬಿ.ಬಿ. ಕಿಂಗ್ ಅವರ ಅಮ್ಮನ ಕಡೆಯ ನೆಂಟರೊಬ್ಬರು, ಬುಕ್ಕಾ ವೈಟ್, ಸ್ಲೈಡ್ (ತಂತಿಯ ಮೇಲೆ ಲೋಹ ಅಥವಾ ಗಾಜಿನ ತುಂಡು ಜಾರಿಸಿ ನುಡಿಸುವುದು) ಚೆನ್ನಾಗಿ ನುಡಿಸುತ್ತಿದ್ದರು. ಕಿಂಗ್ ಅವರಿಗೆ ಸ್ಲೈಡ್ ಕೈಗೆ ಹತ್ತಲಿಲ್ಲ. ಆ ಧ್ವನಿ ಬೇಕು, ಸ್ಲೈಡ್ ಬರುವುದಿಲ್ಲ. ಅದಕ್ಕೇ ಎಡಗೈ ಬೆರಳನ್ನು ತಂತಿಯ ಮೇಲೆ ನಡುಗಿಸಿ ಅದರ ಹತ್ತಿರ ಹೋಗಲು ನೋಡಿದರು. ಆಮೇಲೆ ಎಲ್ಲರೂ ನಕಲು ಮಾಡಿದ್ದು ಆ ನಡುಕವನ್ನೇ. ಸ್ಲೈಡ್ ಅಂದಾಗ ನನಗೆ ಹಾಗೇ ತಂತಿಯ ಮೇಲೆ ತುಂಡು ಜಾರಿಸಿ ನುಡಿಸುವ ನಮ್ಮ ಗೋಟುವಾದ್ಯ ನೆನಪಾಗುತ್ತದೆ. 1903ರಲ್ಲಿ ಮಿಸಿಸಿಪಿಯ ಟಟ್ವೈಲರ್ ರೈಲು ನಿಲ್ದಾಣದಲ್ಲಿ ಒಬ್ಬ ಚಾಕುವನ್ನು ತಂತಿಯ ಮೇಲೆ ಜಾರಿಸಿ ಗಿಟಾರ್ ನುಡಿಸುತ್ತಿದ್ದದ್ದನ್ನು ಬ್ಲೂಸ್ ಸಂಯೋಜಕ ಡಬ್ಲ್ಯು.ಸಿ. ಹ್ಯಾಂಡಿ ಕೇಳಿ ಬರೆದಿಟ್ಟಿದ್ದಾರೆ. ಸರಿ, ವಿಷಯ ಎಲ್ಲೋ ಹೋಯಿತು.

ಬಾಸ್ ಮೂಲೆಯವ:

ಮೇಲಿನ ಇಬ್ಬರೂ ಹೇಳಿದ್ದನ್ನು ತಳ್ಳಿಹಾಕುವುದಿಲ್ಲ. ಆದರೆ ನಾನು ಬಾಸ್ ನುಡಿಸುವವನು, ಹಿಂದೆ ನಿಂತು ಇಂಥ ನೂರಾರು ಸೋಲೊ ಕೇಳಿದ್ದೇನೆ. ನಮ್ಮ ಕಷ್ಟ ಏನು ಗೊತ್ತಾ? ನಾವು ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಬದಲಿಸುತ್ತೇವೆ, ಸೋಲೊ ನುಡಿಸುವವನಿಗೆ ಅದು ಗೊತ್ತೇ ಆಗುವುದಿಲ್ಲ. ಅವನ ಪಾಡಿಗೆ ಅವನು, ನಮ್ಮ ಪಾಡಿಗೆ ನಾವು.

ಎ ಬ್ಲೂಸ್ ಅಂದರೆ ಮೊದಲ ನಾಲ್ಕು ಬಾರ್ ಎ7 ಕಾರ್ಡ್, ಆಮೇಲೆ ಎರಡು ಡಿ7, ಎರಡು ಎ7, ಒಂಬತ್ತನೆಯದು ಇ7, ಹತ್ತನೆಯದು ಡಿ7, ಕೊನೆಗೆ ಎ7ಕ್ಕೆ ಬಂದು ಇ7ನಲ್ಲಿ ತಿರುಗುವುದು. ಎ7ರಲ್ಲಿ ಸಿ ಶಾರ್ಪ್ ಇದೆ. ನಿಮ್ಮ ಮೈನರ್ ಪೆಂಟಟಾನಿಕ್‌ನಲ್ಲಿ ಅದು ಇಲ್ಲವೇ ಇಲ್ಲ. ಡಿ7ರಲ್ಲಿ ಸಿ ಇದೆ. ಈಗ ನೋಡಿ, ಜಿ ತಂತಿಯ 5 ಸಿ, 6 ಸಿ ಶಾರ್ಪ್. ನಾಲ್ಕನೇ ಬಾರ್ ಮುಗಿಯುವಾಗ 6ನೇ ಫ್ರೆಟ್ ಹಿಡಿದಿರಿ, ನಾನು ಡಿಗೆ ಬರುವ ಕ್ಷಣಕ್ಕೆ ಸರಿಯಾಗಿ 5ಕ್ಕೆ ಇಳಿಯಿರಿ. ಒಂದು ಫ್ರೆಟ್, ಅಷ್ಟೇ. ಬ್ಯಾಕಿಂಗ್ ಟ್ರ್ಯಾಕ್ ನಿಲ್ಲಿಸಿ ಒಬ್ಬರೇ ನುಡಿಸಿದರೂ ಕಾರ್ಡ್ ಬದಲಾದದ್ದು ಕೇಳಿಸುತ್ತದೆ. ನನ್ನ ಪ್ರಕಾರ ಇದು ಗೊತ್ತಾದ ದಿನ ಅರ್ಧ ಸಮಸ್ಯೆ ಮುಗಿಯಿತು.

ಮತ್ತೆ ಲಯ. ಷಫಲ್ ಅಂದರೆ ಒಂದು ಬೀಟನ್ನು ಮೂರು ಮಾಡಿ ನಡುವಿನದನ್ನು ಬಿಡುವುದು. ತಕಿಟ ತಕಿಟ ಅಂತ ಹೇಳುತ್ತಾ "ಕಿ" ನುಂಗಿದರೆ ಬಂತು. ನೀವು ನೆಟ್ಟಗೆ ಎರಡೆರಡು ಸ್ವರ ನುಡಿಸುತ್ತಿದ್ದರೆ ಆ ಮಗ್ಗಿ ಅಲ್ಲಿಂದಲೇ ಬರುತ್ತಿರಬೇಕು. ಹದಿನೈದು ದಿನ ಬರೀ ರಿದಮ್ ನುಡಿಸಿ. ಯಾರೂ ನುಡಿಸುವುದಿಲ್ಲ ಅಂತ ಗೊತ್ತಿದ್ದೂ ಹೇಳುತ್ತಿದ್ದೇನೆ.

ಒಂಬತ್ತನೇ ಫ್ರೆಟ್:

ಎಲ್ಲರಿಗೂ ಥ್ಯಾಂಕ್ಸ್, ಇಷ್ಟು ಉತ್ತರ ಬರುತ್ತದೆ ಅಂದುಕೊಂಡಿರಲಿಲ್ಲ. ಆ ಜಿ ಮತ್ತೆ ಬಿ ತಂತಿಯ ಪರೀಕ್ಷೆ ಮಾಡಿದೆ. ನಾನು ಇಷ್ಟು ದಿನ ಎಳೆಯುತ್ತಿದ್ದದ್ದು ಮುಕ್ಕಾಲು ದಾರಿ ಮಾತ್ರ. ಎರಡೂವರೆ ವರ್ಷ! ನಾಚಿಕೆಯಾಯಿತು.

ನಕಲು ವಿಷಯ ಯಾರೂ ಹೇಳಲಿಲ್ಲ. ಬೇರೆಯವರ ಸೋಲೊ ಕಲಿಯಬೇಕಾ ಬೇಡವಾ?

ತುಕ್ಕು ತಂತಿ:

ಕಲಿಯಲೇಬೇಕು. ಟ್ಯಾಬ್ ನೋಡದೆ, ಕಿವಿಯಿಂದ. ಟ್ಯಾಬ್ ನಿಮಗೆ ಫ್ರೆಟ್ ನಂಬರ್ ಕೊಡುತ್ತದೆ, ಎಷ್ಟು ತಡವಾಗಿ ನುಡಿಸಿದರು, ಎಷ್ಟು ಮೆತ್ತಗೆ ಮೀಟಿದರು ಅನ್ನುವುದನ್ನು ಹೇಳುವುದಿಲ್ಲ, ಬ್ಲೂಸ್ ಇರುವುದು ಅಲ್ಲೇ. 1964ರಲ್ಲಿ ಷಿಕಾಗೊದ ರೀಗಲ್ ಥಿಯೇಟರಿನಲ್ಲಿ ಬಿ.ಬಿ. ಕಿಂಗ್ ನಡೆಸಿದ ಕಾರ್ಯಕ್ರಮದ ರೆಕಾರ್ಡಿಂಗ್ ಸಿಗುತ್ತದೆ. ಅದರಲ್ಲಿ ಯಾವುದಾದರೂ ಒಂದು ಹಾಡಿನ ಒಂದೇ ಸುತ್ತು, ಅಂದರೆ 12 ಬಾರ್, ಆರಿಸಿಕೊಳ್ಳಿ. ವೇಗ ಅರ್ಧಕ್ಕೆ ಇಳಿಸಿ. ಎರಡು ಸೆಕೆಂಡಿನ ತುಣುಕು ಕೇಳಿ, ಬಾಯಲ್ಲಿ ಹಾಡಿ, ಆಮೇಲೆ ಹುಡುಕಿ. ನನಗೆ ಮೊದಲ ಸುತ್ತಿಗೆ ಹನ್ನೆರಡು ದಿನ ಹಿಡಿಯಿತು.

ಬಿ.ಬಿ. ಕಿಂಗ್ ಅವರ ಮೆಚ್ಚಿನ ಜಾಗ ಒಂದಿದೆ, ಎ ಶ್ರುತಿಯಲ್ಲಿ ಬಿ ತಂತಿಯ 10ನೇ ಫ್ರೆಟ್ ಸುತ್ತಮುತ್ತ. ತೋರುಬೆರಳು 10ರಲ್ಲಿಟ್ಟು ಸಣ್ಣ ಇ ತಂತಿಯ 10 ಮತ್ತು 12, ಬಿ ತಂತಿಯ 12 ನೋಡಿ. ಬಿ ತಂತಿಯ 12ನ್ನು ಪೂರ್ತಿ ಎಳೆದರೆ ಬಾಸ್ ಮೂಲೆಯವರ ಆ ಸಿ ಶಾರ್ಪ್ ಸಿಗುತ್ತದೆ. ಅಂಗೈ ಅಗಲದ ಜಾಗ, ಅಷ್ಟರಲ್ಲೇ ಇಡೀ ಸೋಲೊ ಮುಗಿಸಬಹುದು.

ನಕಲಾಗುತ್ತೆ ಅಂತ ಹೆದರಬೇಡಿ. ಇನ್ನೊಬ್ಬ ಬ್ಲೂಸ್ ಗಿಟಾರಿಸ್ಟ್ ಆಲ್ಬರ್ಟ್ ಕಿಂಗ್ ಎಡಗೈಯವರು, ಗಿಟಾರನ್ನು ತಿರುಗಿಸಿ ಹಿಡಿಯುತ್ತಿದ್ದರು, ತಂತಿಗಳು ತಲೆಕೆಳಗು. ನಾವು ಮೇಲಕ್ಕೆ ತಳ್ಳುವ ಸಣ್ಣ ತಂತಿಯನ್ನು ಅವರು ಕೆಳಕ್ಕೆ ಎಳೆಯುತ್ತಿದ್ದರು. ಎಷ್ಟು ಜನ ಅವರ ಬೆಂಡ್ ಕದ್ದರು, ಒಬ್ಬರಿಗೂ ಹಾಗೇ ಬರಲಿಲ್ಲ. ನಿಮ್ಮದೂ ಅವರ ಹಾಗೆ ಕೇಳಿಸುವುದಿಲ್ಲ ಬಿಡಿ.

ಒಂಬತ್ತನೇ ಫ್ರೆಟ್:

ಮೂರು ವಾರ ಆಯ್ತು, ವರದಿ ಒಪ್ಪಿಸುತ್ತೇನೆ. ರೀಗಲ್‌ನಿಂದ ಎಂಟು ಬಾರ್ ಕಿವಿಯಿಂದ ಹಿಡಿದಿದ್ದೇನೆ. ಉಳಿದ ನಾಲ್ಕರಲ್ಲಿ ಒಂದು ಜಾಗ ಏನು ಮಾಡಿದರೂ ಸಿಗುತ್ತಿಲ್ಲ. ಕಾಲು ಸ್ವರದ ಒತ್ತು ಐದರಲ್ಲಿ ಎರಡು ಸಲ ಸರಿ ಬರುತ್ತದೆ. ಸಿ ಶಾರ್ಪಿನಿಂದ ಸಿಗೆ ಇಳಿಯುವುದು ಮೊದಲ ಸಲ ಸರಿಯಾಗಿ ಬಿದ್ದಾಗ ನಾನೇ ನುಡಿಸುವುದು ನಿಲ್ಲಿಸಿಬಿಟ್ಟೆ, ಅಷ್ಟು ಖುಷಿ. ಈಗ ಹೊಸ ತೊಂದರೆ. ಸೋಲೊದಲ್ಲಿ ಸುಮ್ಮನಿರಲು ಕಲಿತ ಮೇಲೆ ಯಾವ ಬಾರ್‌ನಲ್ಲಿದ್ದೇನೆ ಅನ್ನುವುದೇ ಮರೆತುಹೋಗುತ್ತದೆ. ಒಂಬತ್ತನೇ ಬಾರ್ ಇ7 ಬಂದಾಗ ಬೆಚ್ಚಿಬೀಳುತ್ತೇನೆ.

ಬಾಸ್ ಮೂಲೆಯವ:

ರಿದಮ್ ನುಡಿಸಿ ಅಂದಿದ್ದೆ, ನುಡಿಸಲಿಲ್ಲ, ಅಲ್ವಾ? ಒಂದು ವಾರ ಸೋಲೊ ಬಿಟ್ಟು ಬರೀ ಕಾರ್ಡ್ ಹಿಡಿದು ಬಾರ್ ನಂಬರನ್ನು ಬಾಯಲ್ಲಿ ಜೋರಾಗಿ ಹೇಳಿ. ಒಂದು ಎರಡು ಮೂರು ನಾಲ್ಕು, ಎರಡು ಎರಡು ಮೂರು ನಾಲ್ಕು, ಮೂರು ಎರಡು ಮೂರು ನಾಲ್ಕು, ಹೀಗೆ ಹನ್ನೆರಡರ ತನಕ. ಆಮೇಲೆ ಎಂಟನೇ ಬಾರ್ ತನಕ ಏನು ಬೇಕಾದರೂ ಮಾಡಿ, ಒಂಬತ್ತರ ಮೊದಲ ಬೀಟಿಗೆ ಡಿ ತಂತಿಯ 6ನೇ ಫ್ರೆಟ್ ಮೇಲೆ ಬೆರಳಿರಲಿ, ಅದು ಇ7ನ ಜಿ ಶಾರ್ಪ್. ಹತ್ತನೇ ಬಾರ್‌ಗೆ ಹಾಗೇ 7ಕ್ಕೆ ಜಾರಿ. ಆ ಸಿಗದ ಜಾಗ ಎಷ್ಟನೇ ಸೆಕೆಂಡಿನಲ್ಲಿದೆ ಅಂತ ಬರೆಯಿರಿ, ರಾತ್ರಿ ಕೂತು ನಾನೂ ಕೇಳಿ ನೋಡುತ್ತೇನೆ.