ಶಾಲೆ ದಾರಿಯ ಪಕ್ಕದ ತೆರೆದ ಗುಂಡಿ: ಭಾನುವಾರ ಬೆಳಿಗ್ಗೆ ಎಲ್ಲರೂ ಬನ್ನಿ

ಗುಡ್ಡದ ಕೆಳಗಿನ ಮನೆ:
ದಕ್ಷಿಣ ಆಸ್ಟ್ರೇಲಿಯಾದ ನಮ್ಮ ಕೂಬರ್ ಪೀಡಿಯ ಎಲ್ಲರಿಗೂ ನಮಸ್ಕಾರ. ಮೊನ್ನೆಯ ಮಳೆಗೆ ನಮ್ಮ ಬೀದಿ ಹಿಂದಿನ ಅಡ್ಡದಾರಿಯಲ್ಲಿ ಓಪಲ್ ರತ್ನಕ್ಕಾಗಿ ಅಗೆದ ಹಳೇ ಗಣಿ ಗುಂಡಿಯೊಂದು ಬಾಯಿ ಬಿಟ್ಟಿದೆ. ಮಕ್ಕಳು ಶಾಲೆಗೆ ನಡೆಯುವ ಜಾಗದಿಂದ ಹತ್ತು ಹೆಜ್ಜೆ ಅಷ್ಟೇ. ಅಗಲ ಹತ್ತಿರಹತ್ತಿರ ಒಂದು ಮೀಟರ್, ಅಂದರೆ ಡ್ರಿಲ್ ಲಾರಿ ಕೊರೆದದ್ದೇ ಇರಬೇಕು. ದೂರದಿಂದ ತೆಗೆದ ಫೋಟೋ ಹಾಕಿದ್ದೇನೆ, ಎಡಪಕ್ಕ ನೋಡಿ: ಅಡಿಯ ಮಣ್ಣು ಉದುರಿಹೋಗಿ ಮೇಲೆ ತೆಳುವಾದ ಪದರ ಮಾತ್ರ ನಿಂತಿದೆ. ಅದರ ಮೇಲೆ ಕಾಲಿಟ್ಟರೆ ಮುಗಿಯಿತು. ಕಚೇರಿಗಳಿಗೆ ಫೋನಲ್ಲಿ ದೂರು ಕೊಟ್ಟೆ. ಒಬ್ಬರು ಇನ್ನೊಬ್ಬರ ಕಡೆ ಕೈ ತೋರಿಸುತ್ತಿದ್ದಾರೆ. ಒಂದೇ ಮನೆಯಿಂದ ಹೇಳಿದರೆ ಇಷ್ಟೇ ಆಗುವುದು, ಎಲ್ಲರೂ ಸೇರಿ ಬರೆಯೋಣ.

ಮೋಟೆಲ್ ಪಕ್ಕದ ಮನೆ:
ಅಯ್ಯೋ, ನಮ್ಮ ಮಗಳು ದಿನಾ ಅದೇ ದಾರಿ! ನಮ್ಮಲ್ಲಿ ದಪ್ಪ ಪ್ಲೈವುಡ್ ಇದೆ. ಇವತ್ತೇ ಹೋಗಿ ಮುಚ್ಚಿಬಿಡಲಾ?

ಹಳೇ ಡಗೌಟ್:
ದಯವಿಟ್ಟು ಬೇಡ. ಇಲ್ಲಿನ ಗಾಳಿಗೆ ಎರಡು ವಾರದಲ್ಲಿ ಹಲಗೆ ಮೇಲೆ ಕೆಂಪು ಧೂಳು ಕೂತು ಅದು ನೆಲದ ಹಾಗೆಯೇ ಕಾಣುತ್ತದೆ. ಬಿಸಿಲು ನಲವತ್ತೈದು ದಾಟುವ ಊರು ಇದು, ಪ್ಲೈವುಡ್ ಪದರ ಬಿಟ್ಟುಕೊಂಡು ಸೊರಗುತ್ತದೆ. ಆಮೇಲೆ ಯಾರೋ ಅದರ ಮೇಲೆ ನಡೆಯುತ್ತಾರೆ. ತೆರೆದ ಗುಂಡಿ ಕಣ್ಣಿಗಾದರೂ ಬೀಳುತ್ತದೆ, ಮುಚ್ಚಿದ ಗುಂಡಿ ಬಲೆ. ಹಾಕುವುದಾದರೆ ಕಬ್ಬಿಣದ ಜಾಲರಿ, ಸುತ್ತ ಬೇಲಿ, ಬೋರ್ಡು. ಅದನ್ನೂ ಕೆಲಸ ಗೊತ್ತಿರುವವರೇ ಮಾಡಬೇಕು. ಅಂಚಿನ ಹತ್ತಿರ ನಾವು ಹೋಗುವುದೇ ಬೇಡ.

ಮೋಟೆಲ್ ಪಕ್ಕದ ಮನೆ:
ಸರಿ, ಮುಚ್ಚುವುದಿಲ್ಲ. ಪಕ್ಕದಲ್ಲೇ ಮಣ್ಣಿನ ರಾಶಿ ಇದೆಯಲ್ವಾ, ಅದನ್ನೇ ಒಳಗೆ ತಳ್ಳಿದರೆ?

ಹಳೇ ಡಗೌಟ್:
ಆಳ ಇಪ್ಪತ್ತು ಮೀಟರ್ ಇದ್ದರೂ ಆಶ್ಚರ್ಯವಿಲ್ಲ. ಕೆಳಗೆ ಅಡ್ಡ ಸುರಂಗಗಳಿದ್ದರೆ ಎಷ್ಟು ಸುರಿದರೂ ಸಾಲದು. ಇನ್ನೊಂದು ವಿಷಯ. ಈ ಊರಲ್ಲಿ ನೆಲದ ಮೇಲೆ ಕಾಣುವ ತೂತೆಲ್ಲ ಗಣಿಯಲ್ಲ. ಅರ್ಧ ಊರು ಮರಳುಗಲ್ಲಿನೊಳಗೆ ಮನೆ (ಅದೇ ಡಗೌಟ್) ಕೊರೆದುಕೊಂಡಿದೆ, ಹೊರಗೆ ಬೆಂಕಿ ಸುರಿದರೂ ಒಳಗೆ 23-24 ಡಿಗ್ರಿ. ಆ ಮನೆಗಳಿಗೆ ಗಾಳಿ ಹೋಗುವುದು ಮೇಲಿನ ತೂತಿನಿಂದಲೇ. ಕೆಳಗೆ ಏನಿದೆ ಅಂತ ಗೊತ್ತಿಲ್ಲದೆ ಒಂದು ಬುಟ್ಟಿ ಮಣ್ಣೂ ಹಾಕಬಾರದು.
1915ರಲ್ಲಿ ಹದಿನಾಲ್ಕು ವರ್ಷದ ಹುಡುಗನಿಗೆ ಇಲ್ಲಿ ಓಪಲ್ ಸಿಕ್ಕಾಗಿನಿಂದ ಜನ ಅಗೆಯುತ್ತಲೇ ಇದ್ದಾರೆ. ಯಾರು, ಯಾವಾಗ, ಎಲ್ಲಿ ಕೊರೆದು ಬಿಟ್ಟು ಹೋದರೋ, ಅದಕ್ಕೆಲ್ಲ ಲೆಕ್ಕ ಯಾರ ಹತ್ತಿರ ಇದೆ?

ರಾತ್ರಿ ಪಾಳಿ ಮನೆ:
ನನಗೆ ಗುಂಡಿಗಿಂತ ಜಾಸ್ತಿ ಭಯ ಆ ಮಣ್ಣಿನ ರಾಶಿಯದ್ದು. ಕೆಲಸ ಮುಗಿಸಿ ಬರುವಾಗ ಅಲ್ಲಿ ನೇರಳೆ ಬೆಳಕು ಕಾಣಿಸಿತು. ದೊಡ್ಡ ಹುಡುಗರು ಯುವಿ (ನೇರಳಾತೀತ) ಟಾರ್ಚ್ ಹಿಡಿದು ನೂಡ್ಲಿಂಗ್, ಅಂದರೆ ಗಣಿಯಿಂದ ತೆಗೆದು ಹಾಕಿದ ಮಣ್ಣಿನಲ್ಲಿ ಓಪಲ್ ಚೂರು ಹುಡುಕುವುದು, ಮಾಡುತ್ತಿದ್ದರು. ಆ ಬೆಳಕಿಗೆ ಓಪಲ್ ಚೂರು ಹೊಳೆಯುತ್ತದೆ ನಿಜ, ಆದರೆ ಗುಂಡಿ ಹೊಳೆಯುವುದಿಲ್ಲವಲ್ಲ! ತಲೆ ತಗ್ಗಿಸಿಕೊಂಡು ಹೊಳಪಿನ ಹಿಂದೆ ಒಂದೊಂದೇ ಹೆಜ್ಜೆ ಸರಿಯುತ್ತಾರೆ, ಪಕ್ಕದಲ್ಲಿ ಏನಿದೆ ಅಂತ ನೋಡುವುದೇ ಇಲ್ಲ. ನಮ್ಮ ಮಕ್ಕಳಿಗೆ ನಾವೇ ಹೇಳೋಣ: ಕಲ್ಲು ಹುಡುಕುವ ಆಸೆ ಇದ್ದರೆ ಹಗಲು ಹೊತ್ತು, ದೊಡ್ಡವರ ಜೊತೆ, ಊರೊಳಗೆ ಸಾರ್ವಜನಿಕರಿಗೆ ಅಂತಲೇ ಬಿಟ್ಟಿರುವ ಜಾಗದಲ್ಲಿ. ಬೇರೆಯವರ ಕ್ಲೇಮಿನಲ್ಲಿ (ಅವರು ಗಣಿಗೆ ಅಂತ ತಮ್ಮ ಹೆಸರಿಗೆ ಮಾಡಿಕೊಂಡ ಜಾಗದಲ್ಲಿ) ಕೇಳದೆ ಕೈ ಹಾಕುವುದು ತಪ್ಪು ಕೂಡ.
ರಜೆಗೆ ಊರಿಂದ ನೆಂಟರು ಬಂದರೆ ಅವರಿಗೂ ಹೇಳಿ. ಫೋಟೋಗೆ ಅಂತ ಹಿಂದೆ ಹಿಂದೆ ಹೆಜ್ಜೆ ಇಡಬಾರದು. ಹೆದ್ದಾರಿ ಪಕ್ಕದ ಬೋರ್ಡಿನಲ್ಲಿ ಬೀಳುವ ಮನುಷ್ಯನ ಚಿತ್ರ ಸುಮ್ನೆ ಹಾಕಿಲ್ಲ. ಯಾರಾದರೂ ಬಿದ್ದರೆ ಇಣುಕಲು ಹೋಗಬೇಡಿ, ಅಂಚು ಕುಸಿದು ಬಿದ್ದವರ ಮೇಲೇ ಬೀಳುತ್ತದೆ. ದೂರ ನಿಂತು ತುರ್ತು ಸಂಖ್ಯೆ 000ಗೆ ಫೋನ್ ಮಾಡಿ. ಇಲ್ಲಿನ ಆಸ್ಪತ್ರೆ ಚಿಕ್ಕದು. ಜಾಸ್ತಿ ಪೆಟ್ಟಾದವರನ್ನು ವಿಮಾನದಲ್ಲೇ ಕಳಿಸಬೇಕು, ಅಡಿಲೇಡ್ ಎಂಟುನೂರೈವತ್ತು ಕಿಲೋಮೀಟರ್ ದೂರ.

ಗುಡ್ಡದ ಕೆಳಗಿನ ಮನೆ:
ಹಾಗಾದರೆ ಹೀಗೆ ಮಾಡೋಣ. ಭಾನುವಾರ ಬೆಳಿಗ್ಗೆ ಆರೂವರೆಗೆ, ಬಿಸಿಲೇರುವ ಮುಂಚೆ, ನಮ್ಮ ಮನೆ ಮುಂದೆ ಸೇರೋಣ. ದೊಡ್ಡವರು ಮಾತ್ರ. ದಾರಿ ಬಿಟ್ಟು ಯಾರೂ ಇಳಿಯುವುದು ಬೇಡ. ಅಡ್ಡದಾರಿಯ ಎರಡೂ ತುದಿಗೆ ಖಾಲಿ ಡ್ರಮ್ ಇಟ್ಟು ಕೆಂಪು ಪಟ್ಟಿ ಕಟ್ಟೋಣ, ಅಲ್ಲಿಂದಲೇ ಫೋಟೋ ಮತ್ತು ನಕ್ಷೆಯಲ್ಲಿ ಗುರುತು. ಪತ್ರ ನಾನು ಇಂಗ್ಲಿಷಿನಲ್ಲಿ ಬರೆದು ಇಡುತ್ತೇನೆ. ಬೇಲಿ ಯಾವ ದಿನ ಹಾಕುತ್ತೀರಿ ಅಂತ ಒಂದೇ ಪ್ರಶ್ನೆ. ನಮ್ಮ ಬೀದಿಯ ಗ್ರೀಕ್ ಅಜ್ಜ ಮತ್ತು ಎದುರು ಮನೆಯವರೂ ಸಹಿ ಹಾಕುತ್ತೇವೆ ಅಂದಿದ್ದಾರೆ. ಬೇಲಿ ಬರುವವರೆಗೆ ಮಕ್ಕಳು ದೊಡ್ಡ ರಸ್ತೆಯಲ್ಲೇ ಹೋಗಲಿ, ಸರದಿ ಮೇಲೆ ಒಬ್ಬರು ಜೊತೆಗಿರೋಣ.

ಮೋಟೆಲ್ ಪಕ್ಕದ ಮನೆ:
ಸೋಮವಾರ, ಮಂಗಳವಾರ ನಾನು ಕರೆದುಕೊಂಡು ಹೋಗುತ್ತೇನೆ.

ರಾತ್ರಿ ಪಾಳಿ ಮನೆ:
ಬುಧವಾರ ನನ್ನದು. ಗುರುವಾರ, ಶುಕ್ರವಾರ ಯಾರು?

ಹಳೇ ಡಗೌಟ್:
ಎರಡೂ ದಿನ ನಾನು. ಡ್ರಮ್ ನಾಲ್ಕು ಇವೆ, ಪಿಕಪ್‌ನಲ್ಲಿ ತರುತ್ತೇನೆ. ಪಟ್ಟಿ ಯಾರಾದರೂ ತನ್ನಿ.